ಬ್ರೌನಿಯ ಸಕ್ಕರೆ ಕಡಿಮೆ ಮಾಡಬೇಡಿ, ತುಂಡು ಚಿಕ್ಕದು ಮಾಡಿ

ನಮ್ಮನೇಲಿ ಟಾಫಿ ಹಾಕಿದ ಬ್ರೌನಿ ಮಾಡ್ತಾರೆ ಅಂತ ಗೊತ್ತಿರೋ ನೆಂಟರು, ಸ್ನೇಹಿತರು, ಪಕ್ಕದ ಮನೆಯವರು ಎಲ್ಲರೂ ರೆಸಿಪಿ ಕೇಳ್ತಾರೆ. ಸಂತೋಷ. ಆದರೆ ಬರೆದು ಕೊಟ್ಟ ಕೂಡಲೇ ಎರಡನೇ ಸಾಲಿಗೇ ಹುಬ್ಬು ಮೇಲೇರುತ್ತೆ. "ಅಯ್ಯೋ, ಇಷ್ಟೊಂದು ಸಕ್ಕರೆನಾ? ಅರ್ಧ ಹಾಕಿದ್ರೆ ಆಗಲ್ವಾ? ಬೆಲ್ಲ ಹಾಕಬಹುದಾ? ಖರ್ಜೂರ ರುಬ್ಬಿ ಹಾಕಿದ್ರೆ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರಾದ್ರೂ ಕೇಳಿದ್ರೆ ಈ ಬರಹದ ಕೊಂಡಿ ಕಳಿಸಿ ಕೈ ತೊಳ್ಕೊಳ್ಳೋದು ಅಂತ ತೀರ್ಮಾನ ಮಾಡಿದೀನಿ :-)

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬ್ರೌನಿಯಲ್ಲಿ ಸಕ್ಕರೆ ಕಡಿಮೆ ಮಾಡಬಾರದು. ಬೆಲ್ಲ, ಖರ್ಜೂರ, ಜೇನುತುಪ್ಪ ಹಾಕಿ ಅದಕ್ಕೆ 'ಹೆಲ್ದಿ ಬ್ರೌನಿ' ಅಂತ ಹೆಸರಿಡಲೇಬಾರದು. ಸಕ್ಕರೆ ಜಾಸ್ತಿ ಅನ್ನೋ ಭಯ ಇದ್ರೆ (ಇರಬೇಕಾದ ಭಯವೇ ಅದು), ತುಂಡು ಚಿಕ್ಕದಾಗಿ ಕತ್ತರಿಸಬೇಕು, ಅಪರೂಪಕ್ಕೆ ಮಾಡಬೇಕು, ಹಂಚಿ ತಿನ್ನಬೇಕು. ಇಷ್ಟೇ. ಆದ್ರೆ ಈ ಇಷ್ಟೇ ಅನ್ನೋದನ್ನ ಯಾರೂ ಒಪ್ಪಲ್ಲ, ಹಾಗಾಗಿ ಕಾರಣಗಳನ್ನೂ ಬರೀಬೇಕು.

ಮೊದಲು ಬ್ರೌನಿ ಅಂದ್ರೇನು ಅಂತ ನೋಡೋಣ. ಇದು ಅಮೆರಿಕದ ತಿಂಡಿ. ಷಿಕಾಗೋದ ಪಾಮರ್ ಹೌಸ್ ಹೋಟೆಲಿನವರು ಹೇಳೋ ಕತೆ ಹೀಗಿದೆ: 1893ರಲ್ಲಿ ಅಲ್ಲಿ ದೊಡ್ಡ ವಿಶ್ವಮೇಳ ನಡೀತು. ಹೋಟೆಲ್ ಒಡೆಯರ ಹೆಂಡತಿ ಬರ್ಥಾ ಪಾಮರ್, ಮೇಳಕ್ಕೆ ಬರೋ ಹೆಂಗಸರ ಊಟದ ಡಬ್ಬಿಯಲ್ಲಿ ಇಡೋದಕ್ಕೆ ಕೇಕಿಗಿಂತ ಚಿಕ್ಕದಾದ, ಕೈಗೆ ಮೆತ್ತಿಕೊಳ್ಳದೆ ತಿನ್ನಬಹುದಾದ ಒಂದು ಸಿಹಿ ಮಾಡಿಕೊಡಿ ಅಂತ ಅಡುಗೆಯವರಿಗೆ ಹೇಳಿದರಂತೆ. ಅದೇ ಬ್ರೌನಿಯ ಮೂಲ ಅಂತ ಅವರ ವಾದ. ಕತೆ ಎಷ್ಟು ನಿಜವೋ, ಅದರಲ್ಲಿರೋ ಒಂದು ಮಾತು ನಂಗೆ ಬಹಳ ಇಷ್ಟ: ಕೇಕಿಗಿಂತ ಚಿಕ್ಕದು! ಈಗ ಕೆಫೆಗಳಲ್ಲಿ ಸೋಪಿನ ಬಿಲ್ಲೆಯಷ್ಟು ದೊಡ್ಡ ತುಂಡಿನ ಮೇಲೆ ಐಸ್ ಕ್ರೀಂ ಇಟ್ಟು, ಅದರ ಮೇಲೆ ಬಿಸಿ ಚಾಕೊಲೇಟ್ ಸುರಿದು ಕೊಡ್ತಾರಲ್ಲ, ಬರ್ಥಾ ಪಾಮರ್ ಕೇಳಿದ್ದು ಅದನ್ನಲ್ಲ.

ಅಚ್ಚಾದ ರೆಸಿಪಿಯ ವಿಷಯಕ್ಕೆ ಬಂದ್ರೆ, ಫ್ಯಾನಿ ಫಾರ್ಮರ್ ಅನ್ನೋರು ಬರೆದ ಬಾಸ್ಟನ್ ಅಡುಗೆ ಶಾಲೆಯ ಪುಸ್ತಕ ಬಹಳ ಪ್ರಸಿದ್ಧ. ಅದರ 1896ರ ಆವೃತ್ತಿಯಲ್ಲಿ ಬ್ರೌನಿ ಅನ್ನೋ ಹೆಸರಿದೆ, ಆದ್ರೆ ಅದು ಕಾಕಂಬಿ ಹಾಕಿ ಮಾಡೋ ಪುಟ್ಟ ಕೇಕು, ಚಾಕೊಲೇಟಿಲ್ಲ. 1906ರ ಆವೃತ್ತಿಯಲ್ಲಿ ಚಾಕೊಲೇಟ್ ಬ್ರೌನಿ ಬಂತು. ಅದರ ಅಳತೆ ಗಮನಿಸಿ: ಒಂದು ಕಪ್ಪು ಸಕ್ಕರೆಗೆ ಅರ್ಧ ಕಪ್ಪು ಹಿಟ್ಟು. ಅಂದ್ರೆ ನೂರು ವರ್ಷಕ್ಕೂ ಹಿಂದೆಯೇ ಹಿಟ್ಟಿಗಿಂತ ಸಕ್ಕರೆ ಎರಡರಷ್ಟಿತ್ತು. ಇದು ಇವತ್ತಿನ ಕಾಲದವರ ದುರಾಸೆಯಿಂದ ಬಂದಿದ್ದಲ್ಲ, ತಿಂಡಿಯ ಜಾತಕವೇ ಹಾಗೆ.

ಬ್ರೌನಿಯಲ್ಲಿ ಎರಡು ಪಂಗಡ. ಒಂದು ಕೇಕಿನ ಹಾಗೆ ಹಗುರ, ಇನ್ನೊಂದು 'ಫಡ್ಜಿ'. ಫಡ್ಜಿ ಅಂದ್ರೆ ಒಳಗೆ ಒದ್ದೆ ಒದ್ದೆ, ಮೆತ್ತಗೆ, ಆದ್ರೆ ಭಾರ. ಹಲ್ಲಿಟ್ಟರೆ ಪುಡಿಯಾಗದೆ ನಿಧಾನಕ್ಕೆ ಕರಗಬೇಕು. ಧಾರವಾಡ ಪೇಡಕ್ಕೂ ಹಲ್ವಕ್ಕೂ ಮಧ್ಯದ ಹದ ಅಂತ ಬೇಕಾದ್ರೆ ಅಂದ್ಕೊಳ್ಳಿ. ಬೆಣ್ಣೆ, ಚಾಕೊಲೇಟು ಜಾಸ್ತಿ, ಹಿಟ್ಟು ಕಡಿಮೆ, ಬೇಕಿಂಗ್ ಪೌಡರ್ ಇಲ್ಲವೇ ಇಲ್ಲ ಅಂದಾಗ ಫಡ್ಜಿ ಆಗುತ್ತೆ. ನಾನು ಈ ಪಂಗಡದವಳು. ಕೇಕು ಬೇಕಿದ್ರೆ ಕೇಕೇ ಮಾಡ್ಕೋಬಹುದಲ್ವಾ?

*

ಈಗ ಸಕ್ಕರೆಯ ವಿಷಯ. ಅದನ್ನ ಬರೀ ಸಿಹಿ ಅಂತ ತಿಳ್ಕೊಂಡಿರೋದ್ರಿಂದಲೇ ಇಷ್ಟೆಲ್ಲಾ ತೊಂದರೆ. ಕಾಫಿಗೆ ಸಕ್ಕರೆ ಅರ್ಧ ಮಾಡಿದ್ರೆ ಕಾಫಿ ಕಾಫಿಯಾಗೇ ಇರುತ್ತೆ, ಸಿಹಿ ಮಾತ್ರ ಕಡಿಮೆ. ಬ್ರೌನಿಯಲ್ಲಿ ಹಾಗಲ್ಲ.

ಸಕ್ಕರೆ ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. ಬ್ರೌನಿ ಮೂರು ದಿನ ಆದ್ರೂ ಒದ್ದೆಯಾಗಿರೋದು ಅದರಿಂದ. ಇನ್ನು, ಮೈದಾದಲ್ಲಿ ಅಂಟು ಬೆಳೆಯದ ಹಾಗೆ ಅದು ತಡೆಯುತ್ತೆ. ಮೊಟ್ಟೆ ಗಟ್ಟಿಯಾಗೋದನ್ನ, ಹಿಟ್ಟು ಬೇಯೋದನ್ನ ನಿಧಾನ ಮಾಡುತ್ತೆ. ಅದಕ್ಕೇ ಅಂಚು ಬೆಂದ ಮೇಲೂ ನಡುಭಾಗ ಮೆತ್ತಗೆ ಉಳಿಯೋದು. ಬ್ರೌನಿಯ ಮೇಲೆ ಹಪ್ಪಳದಂಥ ತೆಳ್ಳನೆಯ, ಹೊಳೆಯೋ, ಬಿರುಕುಬಿಟ್ಟ ಪದರ ಇರುತ್ತಲ್ಲ, ಅದೂ ಮೊಟ್ಟೆಯಲ್ಲಿ ಕರಗಿದ ಸಕ್ಕರೆಯದೇ ಕೆಲಸ.

ಅರ್ಧ ಸಕ್ಕರೆ ಹಾಕಿ ನೋಡಿದ್ರೆ ಏನಾಗುತ್ತೆ? ಮೇಲಿನ ಹೊಳೆಯೋ ಪದರ ಬರಲ್ಲ. ಮೊಟ್ಟೆ ಬೇಗ ಗಟ್ಟಿಯಾಗಿ ಒಳಗೆಲ್ಲಾ ಒಣಗುತ್ತೆ. ಮಾರನೇ ದಿನಕ್ಕೆ ಪುಡಿಪುಡಿ. ಆಗ ಮನೆಯವರು "ಓವನ್ ಸರಿ ಇಲ್ಲ" ಅಂತಾರೆ. ಕೆಲವರು ಒಣಗಿತು ಅಂತ ಮುಂದಿನ ಸಲ ಹಾಲು ಸುರೀತಾರೆ, ಅದು ಇನ್ನೂ ಕೇಕಾಗುತ್ತೆ. ಸ್ಟೀವಿಯಾ ಪುಡಿ ಹಾಕಿದ್ರೂ ಇದೇ ಪಾಡು. ಚಿಟಿಕೆ ಸ್ಟೀವಿಯಾ ನಾಲಿಗೆಗೆ ಸಿಹಿ ಕೊಡಬಹುದು, ಆದ್ರೆ 200 ಗ್ರಾಂ ಸಕ್ಕರೆ ಪಾತ್ರೆಯಲ್ಲಿ ತುಂಬಿಕೊಂಡಿದ್ದ ಜಾಗ, ಅದು ಹಿಡಿದಿಟ್ಟಿದ್ದ ನೀರು, ಇದಕ್ಕೆಲ್ಲಾ ಚಿಟಿಕೆ ಪುಡಿ ಎಲ್ಲಿ ಸಾಲುತ್ತೆ?

ನಮ್ಮಲ್ಲಿ ಮೈಸೂರುಪಾಕಿಗೆ ಯಾರಾದ್ರೂ ಪಾಕ ಅರ್ಧ ಮಾಡ್ತಾರಾ? ಮಾಡಿದ್ರೆ ಅದು ತುಪ್ಪದಲ್ಲಿ ಹುರಿದ ಕಡ್ಲೆಹಿಟ್ಟು ಆಗುತ್ತೆ ಅಂತ ಎಲ್ಲರಿಗೂ ಗೊತ್ತು. ಬ್ರೌನಿ ಹೊರಗಿನದ್ದು ಅನ್ನೋ ಕಾರಣಕ್ಕೆ ಅದರ ಮೇಲೆ ಮಾತ್ರ ಈ ಪ್ರಯೋಗ.

*

ಟಾಫಿಗೆ ಬರೋಣ. ಟಾಫಿ ಅಂದ ಕೂಡಲೇ ಪೆಟ್ಟಿಗೆ ಅಂಗಡಿಯ ಗಾಜಿನ ಭರಣಿಯ ಟಾಫಿ ನೆನಪಾಗೋದು ಸಹಜ. ಇಲ್ಲಿ ಹೇಳ್ತಿರೋದು ಬೆಣ್ಣೆ ಮತ್ತು ಸಕ್ಕರೆಯನ್ನ ಗಟ್ಟಿ ಪಾಕಕ್ಕೆ ತಂದು, ತೆಳ್ಳಗೆ ಹರಡಿ, ಆರಿದ ಮೇಲೆ ಪಟಪಟ ಮುರಿಯೋ ಗಾಜಿನಂಥ ಟಾಫಿ. ಇಂಗ್ಲೆಂಡ್, ಅಮೆರಿಕದವರು ಇದಕ್ಕೆ ಥರ್ಮಾಮೀಟರ್ ಇಟ್ಟು 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಂತಾ ಅಂತ ನೋಡ್ತಾರೆ. ಅವರ ಪುಸ್ತಕಗಳಲ್ಲಿ ನೂಲಿನ ಹದ, ಮೆತ್ತನೆ ಉಂಡೆ ಹದ, ಗಟ್ಟಿ ಉಂಡೆ ಹದ, ಮುರಿಯೋ ಹದ ಅಂತೆಲ್ಲಾ ಪಟ್ಟಿ ಇರುತ್ತೆ. ಓದಿದಾಗ ನಗು ಬರುತ್ತೆ, ಯಾಕಂದ್ರೆ ಇದೆಲ್ಲಾ ನಮ್ಮ ಅಜ್ಜಿಯರ ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕವೇ! ಕಡ್ಲೆಮಿಠಾಯಿಗೆ ಬೆಲ್ಲದ ಪಾಕವನ್ನ ತಣ್ಣೀರಿಗೆ ಒಂದು ತೊಟ್ಟು ಹಾಕಿ, ಅದನ್ನ ತಟ್ಟೆಗೆ ಹೊಡೆದು 'ಟಣ್' ಅಂತಾ ಅಂತ ಕೇಳ್ತಾರಲ್ಲ, ಟಾಫಿಗೂ ಅದೇ ಪರೀಕ್ಷೆ ಸಾಕು. ಪಾಕ ಹರಳುಗಟ್ಟದಿರಲಿ ಅಂತ ನಿಂಬೆರಸ ಹಿಂಡೋದೂ ಅದೇ ಬುದ್ಧಿ. ಹುಳಿ ಬಿದ್ದಾಗ ಸ್ವಲ್ಪ ಸಕ್ಕರೆ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತೆ, ಆಗ ಹರಳು ಕಟ್ಟೋಕೆ ಕಷ್ಟ.

ಥರ್ಮಾಮೀಟರ್ ಇಟ್ಟುಕೊಂಡಿರೋ ಬೆಂಗಳೂರಿನವರಿಗೆ ಒಂದು ಕಿವಿಮಾತು. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಹಾಗಾಗಿ ಪುಸ್ತಕದಲ್ಲಿರೋ ಪಾಕದ ಅಂಕಿಯಿಂದ ಮೂರು ಡಿಗ್ರಿ ಕಳೀಬೇಕು. 150 ಅಂತ ಬರೆದಿದ್ರೆ ಇಲ್ಲಿ 147ಕ್ಕೆ ಇಳಿಸಿ. ಮಂಗಳೂರಿನವರಿಗೆ ಈ ಲೆಕ್ಕ ಬೇಡ, ಆದ್ರೆ ನಿಮ್ಮ ಮಳೆಗಾಲದ ಹವೆಗೆ ಟಾಫಿ ಅರ್ಧ ಗಂಟೆಯಲ್ಲಿ ಅಂಟಂಟಾಗುತ್ತೆ, ಆರಿದ ಕೂಡಲೇ ಡಬ್ಬಿಗೆ ಹಾಕಿ ಮುಚ್ಚಿ.

ಇನ್ನು ಅಳತೆ. ದಯವಿಟ್ಟು ತೂಕದಲ್ಲೇ ಅಳೀರಿ. ಅಮೆರಿಕದ ಕಪ್ಪು ಸುಮಾರು 240 ಮಿಲಿ, ನಮ್ಮ ಮನೆಗಳ ಲೋಟ ಒಂದೊಂದು ಒಂದೊಂದು ಥರ. ಪುಟ್ಟ ಡಿಜಿಟಲ್ ತಕ್ಕಡಿ ಇದ್ರೆ ಬೇಕಿಂಗಿನ ಅರ್ಧ ತಲೆನೋವು ಹೋಗುತ್ತೆ.

ಟಾಫಿಗೆ:
ಬೆಣ್ಣೆ 100 ಗ್ರಾಂ
ಸಕ್ಕರೆ 100 ಗ್ರಾಂ
ನೀರು 1 ದೊಡ್ಡ ಚಮಚ
ನಿಂಬೆರಸ ನಾಲ್ಕೈದು ಹನಿ
(ಬೆಣ್ಣೆಯಲ್ಲಿ ಉಪ್ಪಿಲ್ಲದಿದ್ರೆ ಒಂದು ಚಿಟಿಕೆ ಉಪ್ಪು)

ಬ್ರೌನಿಗೆ:
ಬೆಣ್ಣೆ 115 ಗ್ರಾಂ
ಡಾರ್ಕ್ ಚಾಕೊಲೇಟ್ (ಶೇಕಡಾ 55ರದ್ದು) 115 ಗ್ರಾಂ
ಸಕ್ಕರೆ 200 ಗ್ರಾಂ
ಮೊಟ್ಟೆ 2
ಮೈದಾ 65 ಗ್ರಾಂ
ಕೋಕೋ ಪುಡಿ 20 ಗ್ರಾಂ
ಉಪ್ಪು ಕಾಲು ಚಮಚ (ಉಪ್ಪಿನ ಬೆಣ್ಣೆಯಾದ್ರೆ ಬೇಡ)

ದಪ್ಪ ತಳದ ಪಾತ್ರೆಯಲ್ಲಿ ಟಾಫಿಯದ್ದೆಲ್ಲಾ ಹಾಕಿ, ಸಣ್ಣ ಉರಿಯಲ್ಲಿ, ಮೆಲ್ಲಗೆ ಕೈಯಾಡಿಸ್ತಾ ಇರಿ. ಮೊದಲು ನೊರೆ ಬರುತ್ತೆ, ಆಮೇಲೆ ಗಟ್ಟಿಯಾಗುತ್ತೆ, ಆಮೇಲೆ ಬಣ್ಣ ತಿರುಗುತ್ತೆ. ಬಾದಾಮಿ ಸಿಪ್ಪೆಯ ಬಣ್ಣ ಬಂದಾಗ ತಣ್ಣೀರಿನ ಪರೀಕ್ಷೆ ಮಾಡಿ. ಉರಿ ಜೋರಾದ್ರೆ ಬೆಣ್ಣೆ ಬೇರೆ, ಸಕ್ಕರೆ ಬೇರೆ ಆಗಿ ಒಡೆದುಕೊಳ್ಳುತ್ತೆ. ಆಗ ಗಾಬರಿ ಬೇಡ, ಉರಿ ತಗ್ಗಿಸಿ ಒಂದು ಚಮಚ ಬಿಸಿ ನೀರು ಹಾಕಿ ತಿರುವಿದ್ರೆ ಬಹುಮಟ್ಟಿಗೆ ಕೂಡಿಕೊಳ್ಳುತ್ತೆ. ಬೇಕಿಂಗ್ ಕಾಗದದ ಮೇಲೆ ತೆಳ್ಳಗೆ ಸುರಿದು ಆರೋಕೆ ಬಿಡಿ. ಮಕ್ಕಳನ್ನ ಆ ಕಡೆ ಬಿಡಬೇಡಿ. ಕುದಿಯೋ ನೀರಿಗಿಂತ ಬಹಳ ಬಿಸಿ ಅದು, ಚರ್ಮಕ್ಕೆ ಅಂಟಿದ್ರೆ ಬಿಡಲ್ಲ.

ತುಪ್ಪ ಹಾಕಬಹುದಾ ಅಂತಾನೂ ಕೇಳ್ತಾರೆ. ಹಾಕಬೇಡಿ. ಬೆಣ್ಣೆಯಲ್ಲಿರೋ ಹಾಲಿನ ಅಂಶ ಕೆಂಪಗಾದಾಗಲೇ ಟಾಫಿಯ ಪರಿಮಳ ಬರೋದು. ತುಪ್ಪ ಕಾಯಿಸಿದಾಗ ತಳದಲ್ಲಿ ಕೆಂಪಗೆ ಗಸಿ ಉಳಿಯುತ್ತಲ್ಲ, ಆ ರುಚಿ. ಸೋಸಿದ ತುಪ್ಪದಲ್ಲಿ ಅದೇ ಇರಲ್ಲ.

ಬ್ರೌನಿಗೆ ಓವನ್ ಅನ್ನ 175 ಡಿಗ್ರಿಗೆ ಕಾಯೋಕಿಡಿ. 20 ಸೆಂಟಿಮೀಟರಿನ ಚೌಕದ ತಟ್ಟೆಗೆ ಕಾಗದ ಹಾಸಿ. ಬೆಣ್ಣೆ, ಚಾಕೊಲೇಟನ್ನ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಬೆರಳಿಗೆ ತಡೆಯುವಷ್ಟು ಆರಿಸಿ. ನಮ್ಮ ಅಂಗಡಿ ಸಕ್ಕರೆ ದಪ್ಪ ಹರಳು, ಬೇಗ ಕರಗಲ್ಲ, ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಸಣ್ಣ ರವೆ ಹಾಗೆ ಮಾಡ್ಕೊಳ್ಳಿ. ಅದನ್ನ ಮೊಟ್ಟೆಗೆ ಹಾಕಿ ನಾಲ್ಕೈದು ನಿಮಿಷ ಚೆನ್ನಾಗಿ ಬಡಿದ್ರೆ ಬಿಳಿಚಿಕೊಂಡು ದಪ್ಪಗಾಗುತ್ತೆ. ಮೇಲಿನ ಹೊಳೆಯೋ ಪದರ ಹುಟ್ಟೋದು ಇಲ್ಲೇ. ಕರಗಿದ ಚಾಕೊಲೇಟ್ ಸುರಿದು, ಮೈದಾ ಕೋಕೋ ಜರಡಿ ಹಿಡಿದು, ಹಿಟ್ಟು ಕಾಣದಾಗೋ ತನಕ ಮಾತ್ರ ಮಡಚಿ.

ಟಾಫಿ ಪೂರ್ತಿ ಬೇಡ, ಅರ್ಧ ಸಾಕು. ಮಿಕ್ಕಿದ್ದು ಡಬ್ಬಿಗೆ. ಕಡ್ಲೆಬೇಳೆಯಷ್ಟು ಚಿಕ್ಕ ಚೂರಾದ್ರೆ ಓವನ್ನಿನಲ್ಲಿ ಕರಗಿ ಮಾಯವಾಗುತ್ತೆ. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದಿರಲಿ. ಮುಕ್ಕಾಲು ಪಾಲು ಒಳಗೆ, ಮಿಕ್ಕಿದ್ದು ಮೇಲೆ. ಬೇಯುವಾಗ ಅದರ ಅಂಚು ಕರಗಿ ಸುತ್ತಲೂ ಜಿಗುಟಾಗುತ್ತೆ, ನಡುವೆ ಒಂದಿಷ್ಟು ಕರುಂ ಅನ್ನುತ್ತೆ. ಮಾರನೇ ದಿನಕ್ಕೆ ಆ ಕರುಂ ಕೂಡ ತೇವ ಹೀರಿ ಮೆತ್ತಗಾಗುತ್ತೆ. ಎರಡೂ ರುಚಿಯೇ. 22ರಿಂದ 26 ನಿಮಿಷ. ಕಡ್ಡಿ ಚುಚ್ಚಿದ್ರೆ ಒದ್ದೆ ಪುಡಿ ಅಂಟಿಕೊಂಡು ಬರಬೇಕು. ಹಸಿ ಹಿಟ್ಟು ಬಂದ್ರೆ ಇನ್ನೂ ಬೇಕು, ಕಡ್ಡಿ ಸ್ವಚ್ಛವಾಗಿ ಬಂದ್ರೆ ಕಾಲ ಮೀರಿತು. ಹೊರಗೆ ತೆಗೆದ ಮೇಲೂ ಅದು ತನ್ನ ಬಿಸಿಗೇ ಬೇಯ್ತಾ ಇರುತ್ತೆ. ಪೂರ್ತಿ ಆರೋ ತನಕ ಚಾಕು ಮುಟ್ಟಬೇಡಿ. ಇದು ಎಲ್ಲಕ್ಕಿಂತ ಕಷ್ಟದ ಭಾಗ :-) ಆಮೇಲೆ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿಂದ ಕತ್ತರಿಸಿ.

ಎಷ್ಟು ತುಂಡು? ನಾನು ಈ ಬರಹ ಶುರು ಮಾಡಿದ್ದೇ ಈ ಪ್ರಶ್ನೆಗೋಸ್ಕರ.

*

ಲೆಕ್ಕ ಮಾಡಿ. ಹಿಟ್ಟಿಗೆ ಹಾಕಿದ ಸಕ್ಕರೆ 200 ಗ್ರಾಂ. ಅರ್ಧ ಟಾಫಿಯಲ್ಲಿ 50. ಡಾರ್ಕ್ ಚಾಕೊಲೇಟಿನಲ್ಲಿ ಇನ್ನೊಂದು 50. ಒಟ್ಟು ತಟ್ಟೆಯಲ್ಲಿ ಸುಮಾರು 300 ಗ್ರಾಂ ಸಕ್ಕರೆ.

ಅಡ್ಡ ಮೂರು, ಉದ್ದ ಮೂರು ಅಂತ ಒಂಬತ್ತು ತುಂಡು ಮಾಡಿದ್ರೆ ಒಂದೊಂದರಲ್ಲಿ 33 ಗ್ರಾಂ. ಐದೈದು ಅಂತ ಇಪ್ಪತ್ತೈದು ತುಂಡು ಮಾಡಿದ್ರೆ 12 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ, ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಕ್ಯಾಲರಿಯಲ್ಲಿ ಶೇಕಡಾ 10 ಮೀರಬಾರದು, 5ರ ಒಳಗಿದ್ರೆ ಇನ್ನೂ ಒಳ್ಳೇದು. ದಿನಕ್ಕೆ 2000 ಕ್ಯಾಲರಿ ತಿನ್ನೋರಿಗೆ ಅದು ಸುಮಾರು 50 ಗ್ರಾಂ ಮತ್ತು 25 ಗ್ರಾಂ. ಅಂದ್ರೆ ಒಂಬತ್ತರಲ್ಲಿ ಒಂದು ತುಂಡು ತಿಂದ್ರೆ ಆ 25 ದಾಟಿ ಹೋಯ್ತು. ಇಪ್ಪತ್ತೈದರಲ್ಲಿ ಒಂದು ತಿಂದ್ರೆ ಅರ್ಧದ ಹತ್ತಿರ, ಎರಡು ಹೊತ್ತಿನ ಕಾಫಿಗೆ ಇನ್ನೂ ಜಾಗ ಇದೆ.

ಈಗ 'ಅರ್ಧ ಸಕ್ಕರೆ' ಪಕ್ಷದವರ ಲೆಕ್ಕ ನೋಡಿ. ಹಿಟ್ಟಿನ ಸಕ್ಕರೆ 100 ಗ್ರಾಂ ಕಡಿಮೆ ಮಾಡಿ, ಬ್ರೌನಿ ಕೆಡಿಸಿಕೊಂಡು, ತಟ್ಟೆಯಲ್ಲಿ 200 ಗ್ರಾಂ ಉಳಿಸಿಕೊಂಡ್ರು. ಆದ್ರೆ "ಹೇಗಿದ್ರೂ ಸಕ್ಕರೆ ಕಡಿಮೆ ಇದೆಯಲ್ಲ" ಅಂತ ಒಂಬತ್ತೇ ತುಂಡು ಮಾಡ್ತಾರೆ. ತುಂಡಿಗೆ 22 ಗ್ರಾಂ. ನನ್ನ ತುಂಬಾ ಸಕ್ಕರೆಯ ಪುಟ್ಟ ತುಂಡಿನ ಹೆಚ್ಚುಕಡಿಮೆ ಎರಡರಷ್ಟು! ಮೇಲಿಂದ, ರುಚಿ ಇಲ್ಲದ್ದಕ್ಕೆ ಮನಸ್ಸಿಗೆ ತೃಪ್ತಿಯಾಗದೆ ಇನ್ನೊಂದಕ್ಕೆ ಕೈ ಹೋಗುತ್ತೆ. ಫಡ್ಜಿ ಬ್ರೌನಿಯ ಒಂದು ದೊಡ್ಡ ಗುಣ ಅಂದ್ರೆ ಅದರ ಭಾರ. ನಾಲ್ಕು ಸೆಂಟಿಮೀಟರಿನ ತುಂಡು ತಿಂದು ನೀರು ಕುಡಿದ್ರೆ ಸಾಕಪ್ಪಾ ಅನಿಸುತ್ತೆ.

*

ಇಷ್ಟಕ್ಕೇ ನಿಂತಿದ್ರೆ ಇದು ಬರೀ ರುಚಿಯ ಜಗಳ. ಇಷ್ಟುದ್ದ ಬರೆಯೋ ಅಗತ್ಯ ಇರಲಿಲ್ಲ. ಬರೀತಿರೋದಕ್ಕೆ ಕಾರಣ ನಮ್ಮತ್ತೆ.

ಅತ್ತೆಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಶಿಸ್ತಿನ ಹೆಂಗಸು. ಮದುವೆ ಮನೆಯಲ್ಲಿ ಎಲೆಗೆ ಬಿದ್ದ ಜಿಲೇಬಿಯನ್ನ ಮುಟ್ಟದೆ ಏಳ್ತಾರೆ. ಕಳೆದ ವರ್ಷ ಗೌರಿ ಹಬ್ಬಕ್ಕೆ ಒಬ್ಬ ನೆಂಟರು ಒಂದು ಡಬ್ಬಿ ತಂದರು. ಮನೆಯಲ್ಲೇ ಮಾಡಿ ಮಾರೋರ ಹತ್ತಿರ ಕೊಂಡಿದ್ದು. ಮೇಲೆ ಚೆಂದದ ಚೀಟಿ: ಖರ್ಜೂರದ ಬ್ರೌನಿ, ಸಕ್ಕರೆ ಇಲ್ಲ, ಮೈದಾ ಇಲ್ಲ, ಎಲ್ಲರೂ ತಿನ್ನಬಹುದು. "ಅತ್ತೆ, ಇದನ್ನ ನೀವೂ ತಿನ್ನಬಹುದು, ನಿಮಗೋಸ್ಕರವೇ ತಂದಿದ್ದು" ಅಂತ ಕೈಗಿತ್ತರು. ವರ್ಷಗಟ್ಟಲೆ ಬಾಯಿ ಕಟ್ಟಿದ ಜೀವ, ಆ ಸಂಜೆ ಮೂರು ತುಂಡು ತಿಂದರು. ಮಕ್ಕಳ ಥರ ಖುಷಿಯಾಗಿದ್ರು. ರಾತ್ರಿ ಮೀಟರಿನಲ್ಲಿ ನೋಡಿದ್ರೆ 286. ಮಾಮೂಲಿ ದಿನ 170, 180 ದಾಟದ ಕೈ ಅದು.

ಅತ್ತೆಯನ್ನ ಬೈಯೋ ಹಾಗಿಲ್ಲ, ನೆಂಟರದ್ದೂ ಪ್ರೀತಿಯೇ. ನನ್ನ ಸಿಟ್ಟೆಲ್ಲಾ ಆ ಚೀಟಿಯ ಮೇಲೆ. ಖರ್ಜೂರದ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಸಕ್ಕರೆಯೇ. ಇಂಥ ಬ್ರೌನಿಗೆ ಕಾಲು ಕೆಜಿ ಖರ್ಜೂರ ಹಾಕೋದು ಮಾಮೂಲು. ಅಲ್ಲಿಗೆ 160 ಗ್ರಾಂ ಸಕ್ಕರೆ ಆಯ್ತು. ಒಂಬತ್ತು ತುಂಡಾದ್ರೆ ಒಂದರಲ್ಲಿ 18, ಮೂರರಲ್ಲಿ 54. ಖರ್ಜೂರ ಒಳ್ಳೆಯದೇ, ನಾರಿದೆ, ಒಂದೆರಡು ತಿನ್ನೋದಕ್ಕೆ ಯಾರ ತಕರಾರೂ ಇಲ್ಲ. ಆದ್ರೆ ರುಬ್ಬಿ, ಬೇಯಿಸಿ, ತುಂಡು ಮಾಡಿದಾಗ ಎಷ್ಟು ಖರ್ಜೂರ ಹೊಟ್ಟೆಗೆ ಹೋಯ್ತು ಅನ್ನೋದೇ ತಿಳಿಯಲ್ಲ. ಒಟ್ಟಿಗೆ ಹದಿನೈದು ಖರ್ಜೂರ ತಟ್ಟೆಯಲ್ಲಿಟ್ಟು ಕೊಟ್ಟಿದ್ರೆ ಅತ್ತೆ ತಿಂತಿದ್ರಾ?

ಬೆಲ್ಲದ ಕತೆಯೂ ಇದೇ. ಬೆಲ್ಲದ ರುಚಿಯ ಮುಂದೆ ಸಕ್ಕರೆ ಏನೂ ಅಲ್ಲ, ಒಪ್ಪಿದೆ. ಹೋಳಿಗೆಗೆ, ಪಾಯಸಕ್ಕೆ ನಾನೂ ಬೆಲ್ಲವನ್ನೇ ಹಾಕೋದು. ಆದ್ರೆ ಬೆಲ್ಲದ ಬಹುಪಾಲು ಕಬ್ಬಿನ ಸಕ್ಕರೆಯೇ, ಕ್ಯಾಲರಿಯೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಕಬ್ಬಿಣಾಂಶ ಇದೆ ಅಂತಾರೆ, ಇದೆ, ಆದ್ರೆ ಒಂದು ಬ್ರೌನಿ ತುಂಡಿನ ಬೆಲ್ಲದಲ್ಲಿ ಸಿಗೋ ಕಬ್ಬಿಣಕ್ಕಿಂತ ಒಂದು ಹಿಡಿ ಹುರುಳಿಕಾಳಲ್ಲಿ ಎಷ್ಟೋ ಜಾಸ್ತಿ. ರಕ್ತಕ್ಕೆ ಸೇರಿದ ಮೇಲೆ ಇದು ಬೆಲ್ಲದಿಂದ ಬಂದ ಗ್ಲೂಕೋಸು, ಇದು ಸಕ್ಕರೆಯದ್ದು ಅಂತ ಮೇದೋಜೀರಕ ಗ್ರಂಥಿ ಪಂಕ್ತಿಭೇದ ಮಾಡಲ್ಲ.

ಇದು ನಮ್ಮ ಮನೆಯೊಂದರ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ ಅಂತ ಅಂದಾಜು ಕೊಟ್ಟಿತು. ಹೀಗಿರೋವಾಗ ಸಿಹಿತಿಂಡಿಗೆ ಔಷಧಿಯ ವೇಷ ಹಾಕೋದು ಎಷ್ಟು ಸರಿ? ಸಿಹಿಯನ್ನ ಸಿಹಿ ಅಂತಲೇ ಕೊಟ್ರೆ ತಿನ್ನೋರು ಎಚ್ಚರದಲ್ಲಿರ್ತಾರೆ. ಮೈಸೂರುಪಾಕು ಇಲ್ಲಿವರೆಗೂ ಯಾರಿಗೂ ಮೋಸ ಮಾಡಿಲ್ಲ. ನೋಡಿದ ಕೂಡಲೇ ಗೊತ್ತಾಗುತ್ತೆ, ಇದು ತುಪ್ಪ, ಇದು ಸಕ್ಕರೆ, ನಿನ್ನ ಯೋಗ್ಯತೆ ನೋಡ್ಕೊಂಡು ತಿನ್ನು ಅಂತ.

ಈಗ ನಮ್ಮನೇಲಿ ಏನು ವ್ಯವಸ್ಥೆ ಅಂದ್ರೆ, ಬ್ರೌನಿ ಮಾಡಿದ ದಿನ ಅತ್ತೆಗೆ ಇಪ್ಪತ್ತೈದರಲ್ಲಿ ಒಂದು ತುಂಡಿನ ಅರ್ಧ. ಪೂರ್ತಿ ಸಕ್ಕರೆಯ, ಟಾಫಿ ಇರೋ, ನಿಜವಾದ ಬ್ರೌನಿ. ಊಟದ ಜೊತೆಗೇ, ಅವತ್ತು ಅನ್ನ ಅಷ್ಟು ಕಡಿಮೆ. ಇದನ್ನ ಅವರ ಡಾಕ್ಟರನ್ನ ಕೇಳಿಯೇ ಶುರು ಮಾಡಿದ್ದು, ಎಲ್ಲರಿಗೂ ಹೊಂದುತ್ತೆ ಅಂತ ಹೇಳ್ತಿಲ್ಲ, ನಿಮ್ಮ ಮನೆಯವರ ಡಾಕ್ಟರನ್ನ ನೀವು ಕೇಳಿ. ಅತ್ತೆ ಆ ಅರ್ಧ ತುಂಡನ್ನ ಹತ್ತು ನಿಮಿಷ ತಿಂತಾರೆ. ಟಾಫಿ ಚೂರು ಸಿಕ್ಕಿದಾಗ ನನ್ನ ಕಡೆ ನೋಡ್ತಾರೆ. ಮೀಟರೂ ಕೂಗಾಡಿಲ್ಲ.

*

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಸಕ್ಕರೆಗೆ ಅಷ್ಟೊಂದು ಹೆದರೋ ನಾವು ಚಾಕೊಲೇಟ್ ಕೊಳ್ಳುವಾಗ ಪಟ್ಟಿ ಓದಲ್ಲ. ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ 'ಡಾರ್ಕ್ ಕಾಂಪೌಂಡ್' ಅಂತ ದಪ್ಪ ಹಲಗೆ ಸಿಗುತ್ತೆ, ಅಗ್ಗ. ಅದರಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತೆ. ಹಿಂದಿನ ಪಟ್ಟಿಯಲ್ಲಿ ತೂಕದ ಇಳಿಕೆ ಕ್ರಮದಲ್ಲಿ ಹೆಸರು ಬರೀಬೇಕು ಅನ್ನೋದು ನಮ್ಮ ದೇಶದ ನಿಯಮ. ಕಾಂಪೌಂಡ್ ಹಲಗೆ ತಿರುಗಿಸಿ ನೋಡಿ, ಮೊದಲ ಹೆಸರು ಸಾಮಾನ್ಯವಾಗಿ ಸಕ್ಕರೆ, ಎರಡನೆಯದು ಆ ಕೊಬ್ಬು, ಕೋಕೋ ಆಮೇಲೆ. ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ಶೇಕಡಾ 2ರ ಮಿತಿ ಬಂದಿದೆ, ಆ ಮಟ್ಟಿಗೆ ಭಯ ಕಡಿಮೆ. ಆದ್ರೂ ರುಚಿ? ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ, ಅಂದ್ರೆ ಬಾಯಿಯ ಬಿಸಿಗೇ ಕರಗುತ್ತೆ. ಕಾಂಪೌಂಡ್ ಅಂಗುಳಿಗೆ ಮೇಣದ ಹಾಗೆ ಅಂಟಿಕೊಳ್ಳುತ್ತೆ. ಚಿಕ್ಕ ತುಂಡೇ ಸಾಕು ಅನಿಸಬೇಕಾದ್ರೆ ಚಾಕೊಲೇಟ್ ನಿಜವಾದ್ದಿರಬೇಕು.

ದುಬಾರಿ, ಹೌದು. 2024ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಫಸಲು ಕೆಟ್ಟು ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ನಮ್ಮ ಅಡುಗೆಮನೆಗೂ ಅದರ ಬಿಸಿ ತಟ್ಟಿತು. ಆದ್ರೆ ಕೋಕೋ ಅನ್ನೋದು ಬರೀ ಆಫ್ರಿಕಾದ ಮಾತಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅದು ನಡುಬೆಳೆ. 1980ರ ಆಸುಪಾಸಿನಲ್ಲಿ ಕೊಳ್ಳೋರಿಲ್ಲದೆ ಬೆಳೆಗಾರರು ಕಂಗಾಲಾದಾಗ, ಅಡಿಕೆಗೋಸ್ಕರ 1973ರಲ್ಲಿ ಹುಟ್ಟಿದ್ದ ಕ್ಯಾಂಪ್ಕೋ ಕೋಕೋ ಖರೀದಿಗೂ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಎಷ್ಟು ಸಿಹಿ ತಿಂದರೂ ಕೋಕೋ ಮರ ನೋಡದವರು ನಮ್ಮಲ್ಲಿ ಬಹಳ. ಆ ಕಡೆ ಹೋದಾಗ ಯಾರದ್ದಾದ್ರೂ ತೋಟದಲ್ಲಿ ಒಂದು ಹಣ್ಣು ಒಡೆದು, ಬೀಜದ ಸುತ್ತ ಇರೋ ಬಿಳಿ ತಿರುಳು ಚೀಪಿ ನೋಡಿ. ಆಮೇಲೆ ಕಾಂಪೌಂಡ್ ಹಲಗೆ ಕೊಳ್ಳೋ ಮುಂಚೆ ಒಂದು ಕ್ಷಣ ಯೋಚನೆ ಬರುತ್ತೆ.

"ಹಾಗಾದ್ರೆ ಮೊಟ್ಟೆ ತಿನ್ನದವರು ಏನು ಮಾಡೋದು?" ಅಂತ ಕೇಳಬಹುದು. ಮೊಟ್ಟೆ ಬಿಡೋದು ಬೇರೆ ಮಾತು, ಅದರಲ್ಲಿ ಯಾರಿಗೂ ಮೋಸ ಇಲ್ಲ. ಮೊಸರು ಹಾಕಿ ಮಾಡೋದು, ಅಗಸೆಬೀಜ ನೆನೆಸಿ ಮಾಡೋದು ಎಲ್ಲಾ ಇದೆ. ಮೇಲಿನ ಹೊಳೆಯೋ ಪದರ ಅಷ್ಟು ಚೆನ್ನಾಗಿ ಬರಲ್ಲ, ರುಚಿಗೇನೂ ಕಡಿಮೆಯಿಲ್ಲ. ಸಕ್ಕರೆ ಬೇಡವೇ ಬೇಡ ಅನ್ನೋರು ಇದ್ದಾರೆ, ಅದೂ ಸರಿಯೇ. ಅವರು ಸೀಬೆಹಣ್ಣಿಗೆ ಉಪ್ಪು ಖಾರ ಹಚ್ಚಿ ತಿನ್ನಲಿ, ಅದರ ಮುಂದೆ ಬ್ರೌನಿ ಏನೂ ಅಲ್ಲ. ಖರ್ಜೂರದ ಉಂಡೆಯೂ ಮಾಡಲಿ, ಅದನ್ನ ಖರ್ಜೂರದ ಉಂಡೆ ಅಂತ ಕರೆಯಲಿ. ಬ್ರೌನಿ ಅಂತ ಮಾತ್ರ ಬೇಡ. ಸಕ್ಕರೆ ಕಾಯಿಲೆಯವರ ಕೈಗೆ "ನೀವೂ ತಿನ್ನಬಹುದು" ಅಂತ ಕೊಡೋದಂತೂ ಬೇಡವೇ ಬೇಡ.

ತಿಂಗಳಿಗೋ ಎರಡು ತಿಂಗಳಿಗೋ ಒಂದು ತಟ್ಟೆ ಮಾಡಿ. ಇಪ್ಪತ್ತೈದು ತುಂಡಾದ್ರೆ ಮನೆಗೆ ಐದೋ ಆರೋ ಸಾಕು, ಮಿಕ್ಕಿದ್ದು ಪಕ್ಕದ ಮನೆಗೆ, ಆಫೀಸಿಗೆ, ವಾಚ್‌ಮನ್ ಮಕ್ಕಳಿಗೆ. ಕೊಡುವಾಗ "ಸಕ್ಕರೆ, ಬೆಣ್ಣೆ ಎರಡೂ ಧಾರಾಳವಾಗಿದೆ" ಅಂತ ಬಾಯಿಬಿಟ್ಟು ಹೇಳಿ ಕೊಡಿ.

ನಿಮ್ಮ ಮನೆಗಳಲ್ಲಿ ಹೇಗೆ? ಬೆಲ್ಲದ ಪಕ್ಷದವರು ಜಗಳಕ್ಕೆ ಬರೋದಾದ್ರೆ ಬನ್ನಿ, ಬರುವಾಗ ತಕ್ಕಡಿ ತನ್ನಿ :-)